ಅಂಬಿಗನ ಒಂದು ಕಾಸು

ರಾಮನವಮಿಯ ಸಂದರ್ಭದಲ್ಲಿ ನಮ್ಮ ಬಡಾವಣೆಯ ರಾಮಮಂದಿರದಲ್ಲಿ ಹತ್ತು ದಿನಗಳ ಪ್ರವಚನ ಏರ್ಪಾಡಾಗಿತ್ತು. ನಿವೃತ್ತರಿಗೆ ಸಂಜೆಯ ಹೊತ್ತು ಕಳೆಯಲು ಇಂಥವು ಬೇಕು; ಪಾನಕ, ಕೋಸಂಬರಿಗಳ ಆಕರ್ಷಣೆಯೂ ಇಲ್ಲದಿಲ್ಲ. ಒಂದು ಸಂಜೆ ಪ್ರವಚನಕಾರರು ರಾಮಕೃಷ್ಣ ಪರಮಹಂಸರು ಹೇಳುತ್ತಿದ್ದ ಪ್ರಸಿದ್ಧ ದೃಷ್ಟಾಂತವೊಂದನ್ನು ಎತ್ತಿಕೊಂಡರು. ಒಬ್ಬಾತ ಮನೆ ಬಿಟ್ಟು ಹೋಗಿ, ಹದಿನಾಲ್ಕು ವರ್ಷ ಕಠಿಣ ತಪಸ್ಸು ಮಾಡಿ, ನೀರಿನ ಮೇಲೆ ನಡೆಯುವ ಸಿದ್ಧಿಯನ್ನು ಪಡೆದು ಹಿಂದಿರುಗುತ್ತಾನೆ. ದೋಣಿಯವನಿಗೆ ಒಂದು ಕಾಸು ಕೊಟ್ಟರೆ ಮುಗಿಯುವ ಕೆಲಸಕ್ಕೆ ಇಷ್ಟು ವರ್ಷ ತೆತ್ತೆಯಾ ಎಂದು ಕೇಳಿದವರು ಮರುಗುತ್ತಾರೆ. ಸಭೆ ನಕ್ಕಿತು. ಸಿದ್ಧಿಗಳ ವ್ಯಾಮೋಹ ಬೇಡ, ಭಗವಂತನಲ್ಲಿ ಭಕ್ತಿಯೊಂದೇ ಸಾಕು ಎಂಬಲ್ಲಿಗೆ ಪ್ರವಚನ ಬಂದು ನಿಂತಿತು.

ನನ್ನ ಮನಸ್ಸು ಮಾತ್ರ ಆ ದೋಣಿಯವನಲ್ಲಿ ಸಿಕ್ಕಿಕೊಂಡಿತು. ಕಥೆಯಲ್ಲಿ ಅವನು ಒಂದು ಕಾಸಿನ ಬೆಲೆಯಾಗಿ ಬಂದು ಹೋಗುತ್ತಾನೆ, ಅಷ್ಟೆ. ಅವನಿಗೆ ಹೆಸರಿಲ್ಲ, ಮಾತಿಲ್ಲ. ಆದರೆ ಸಿದ್ಧಿಯನ್ನು ತೊರೆದ ಜ್ಞಾನಿಯೂ ಸಂಜೆ ಮನೆ ಸೇರಬೇಕಾದರೆ ಸೆಳವು ಬಲ್ಲ, ಹುಟ್ಟು ಹಿಡಿಯಬಲ್ಲ ಒಬ್ಬ ಅಂಬಿಗ ದಡದಲ್ಲಿ ಕಾದಿರಲೇಬೇಕು. ನಮ್ಮ ಭಕ್ತಿಪರಂಪರೆ ಈ ಅಂಬಿಗನನ್ನು ಏನೆಂದು ಬಗೆದಿದೆ? ಕೆಲಸ ಬಲ್ಲವನ ಕುಶಲತೆಗೂ ತತ್ತ್ವ ಬಲ್ಲವನ ವಿವೇಕಕ್ಕೂ ಅದು ಯಾವ ಸಂಬಂಧವನ್ನು ಕಲ್ಪಿಸಿದೆ? ಮೂವತ್ತಾರು ವರ್ಷ ಸರ್ಕಾರದ ಖಜಾನೆಯಲ್ಲಿ ಪರರ ಹಣವನ್ನು ಎಣಿಸಿದ ನನಗೆ ಈ ಪ್ರಶ್ನೆ ಕೇವಲ ವೇದಾಂತದ್ದಲ್ಲ.

ಸರ್ಕಾರಿ ಕಚೇರಿಗಳ ಗೋಡೆಯ ಮೇಲೆ ಗೀತೆಯ ಎರಡನೆಯ ಅಧ್ಯಾಯದ 50ನೆಯ ಶ್ಲೋಕದ ಕೊನೆಯ ಪಾದವನ್ನು ನೀವು ಕಂಡಿರಬಹುದು. ಕರ್ಮದಲ್ಲಿನ ಕೌಶಲವನ್ನೇ ಯೋಗವೆಂದು ಕರೆಯುವ ಮಾತು ಅದು. ಖರಗ್‌ಪುರದ ಐಐಟಿಗೂ ಅದೇ ಧ್ಯೇಯವಾಕ್ಯ. ನಮ್ಮ ಆಡಳಿತ ತರಬೇತಿಗಳಲ್ಲಿ ಇದನ್ನು 'ಕೆಲಸವನ್ನು ಚೆನ್ನಾಗಿ ಮಾಡಿ, ಅದೇ ಯೋಗ' ಎಂದು ವಿವರಿಸಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಶಂಕರರ ಭಾಷ್ಯದಲ್ಲಿ ಅರ್ಥ ಅಷ್ಟು ಸರಳವಾಗಿಲ್ಲ. ಸ್ವಭಾವತಃ ಬಂಧಿಸುವಂಥ ಕರ್ಮಗಳು ಸಮತ್ವಬುದ್ಧಿಯ ಬಲದಿಂದ ಆ ಸ್ವಭಾವವನ್ನೇ ಕಳೆದುಕೊಳ್ಳುವಂತೆ ಮಾಡುವುದು ಅವರ ಪ್ರಕಾರ ಕೌಶಲ. ಅಂದರೆ ಅದು ಬಡಗಿಯ ಕೈಚಳಕಕ್ಕಿಂತ ಹೆಚ್ಚಾಗಿ ಮನಸ್ಸಿನ ಒಂದು ನಿಲುವು. ಮಂಡಾಲೆಯ ಸೆರೆಮನೆಯಲ್ಲಿ ಕುಳಿತು ಬರೆದು, 1915ರಲ್ಲಿ ಪ್ರಕಟವಾದ 'ಗೀತಾರಹಸ್ಯ'ದಲ್ಲಿ ತಿಲಕರು ತಕ್ಕಡಿಯನ್ನು ಮತ್ತೆ ಕರ್ಮದ ಕಡೆಗೆ ಬಾಗಿಸಿದರು. ನಮ್ಮ ಡಿ.ವಿ.ಜಿ.ಯವರು ಗೀತೆಯ ತಾತ್ಪರ್ಯಕ್ಕೆ 'ಜೀವನಧರ್ಮಯೋಗ' ಎಂದೇ ಹೆಸರಿಟ್ಟರು.

ವಿದ್ವಾಂಸರ ಈ ಚರ್ಚೆ ಮುಗಿಯುವಂಥದ್ದಲ್ಲ. ಕಚೇರಿಯಲ್ಲಿ ಕುಳಿತವನು ಎರಡರ ಪೈಕಿ ತನಗೆ ಅನುಕೂಲವಾದ ಅರ್ಥವನ್ನು ಆಯ್ದುಕೊಂಡುಬಿಡುತ್ತಾನೆ ಎಂಬುದೇ ತೊಡಕು. ನಾನೂ ಆಯ್ದುಕೊಂಡಿದ್ದೆ.

1988ರ ಸುಮಾರು. ಉತ್ತರ ಕರ್ನಾಟಕದ ಒಂದು ತಾಲ್ಲೂಕಿನ ಉಪಖಜಾನೆಯಲ್ಲಿ ಕೆಲಸಕ್ಕಿದ್ದೆ. ಅರ್ಥಶಾಸ್ತ್ರದ ಎಂ.ಎ. ಪದವಿ, ಜೇಬಿನಲ್ಲಿ ಪುಟ್ಟ ಗೀತೆ, ಯಾರ ಮೇಲೂ ರೇಗುವುದಿಲ್ಲವೆಂಬ ಒಳಗಿನ ಹೆಮ್ಮೆ. ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು ತೀರಿಕೊಂಡು, ಅವರ ಪತ್ನಿಯ ಕುಟುಂಬ ಪಿಂಚಣಿಯ ಕಾಗದಗಳು ನನ್ನ ಮೇಜಿಗೆ ಬಂದವು. ಒಂದು ಕಾಗದದಲ್ಲಿ ಆಕೆಯ ಹೆಸರಿನ ಕೊನೆಗೆ 'ಅಮ್ಮ' ಎಂದಿದ್ದರೆ ಇನ್ನೊಂದರಲ್ಲಿ 'ಅವ್ವ' ಎಂದಿತ್ತು. ಆಕ್ಷೇಪಣೆ ಬರೆದು ಹಿಂದಿರುಗಿಸಿದೆ. ಆಕೆ ಬಸ್ಸು ಹಿಡಿದು ಮತ್ತೆ ಬಂದರು. ಮತ್ತೊಂದು ಕಾಗದ ಬೇಕೆಂದೆ. ಹೀಗೆ ಐದು ತಿಂಗಳು. ಪ್ರತಿ ಬಾರಿಯೂ ಕುರ್ಚಿ ಕೊಟ್ಟು, ನೀರು ತರಿಸಿ, ಮೃದುವಾಗಿ ವಿವರಿಸಿದೆ. ಕೊನೆಗೊಮ್ಮೆ ಆಕೆ ಸೆರಗಿನ ತುದಿಯನ್ನು ಕೈಯಲ್ಲಿ ಸುತ್ತುತ್ತ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಸಾಹೇಬ್ರ, ನಿಮಗ ಸಿಟ್ಟ ಬರೂದಿಲ್ಲ ಅಂತ ಎಲ್ಲಾರೂ ಹೇಳ್ತಾರ್ರಿ. ಖರೇನ ಅದ. ಆದ್ರ ನನ್ನ ಕೆಲಸಾ ಆಗವಲ್ದಲ್ರಿ."

ಅಂದು ಸಂಜೆ ನಮ್ಮ ಹಿರಿಯ ಗುಮಾಸ್ತರು ಬಾಗಿಲು ಹಾಕುವ ಹೊತ್ತಿಗೆ, ಎರಡೂ ಹೆಸರು ಒಬ್ಬರವೇ ಎಂದು ಪತ್ರಾಂಕಿತ ಅಧಿಕಾರಿಯೊಬ್ಬರ ದೃಢೀಕರಣ ಪಡೆದರೆ ಸಾಕಾಗುತ್ತದೆಂದು ತಿಳಿಸಿದರು. ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. "ನೀವು ಕೇಳಲಿಲ್ಲಲ್ರಿ" ಎಂದರು. ಕಾಗದ ಮೂರು ದಿನಗಳಲ್ಲಿ ಇತ್ಯರ್ಥವಾಯಿತು. ನನ್ನ ಸಮಚಿತ್ತಕ್ಕೆ ಐದು ತಿಂಗಳ ಬೆಲೆ ತೆತ್ತವರು ಆ ತಾಯಿ. ನಿಯಮ ಗೊತ್ತಿಲ್ಲದವನ ಶಾಂತಿ ಅದು. ಅದನ್ನು ನಾನು ಯೋಗವೆಂದು ತಿಳಿದಿದ್ದೆ.

ಬಾಲ್ಯದಲ್ಲಿ ನೋಡಿದ 'ಭಕ್ತ ಕುಂಬಾರ' ಚಿತ್ರವನ್ನು ಆ ಬಳಿಕ ಬೇರೆಯದೇ ಕಣ್ಣಿನಿಂದ ನೆನೆಯತೊಡಗಿದೆ. 1974ರಲ್ಲಿ ಬಂದ ಆ ಚಿತ್ರವನ್ನು ನಮ್ಮ ತಲೆಮಾರಿನವರು ಮರೆಯುವಂತಿಲ್ಲ. ಪಂಢರಪುರದ ವಿಠಲನ ಭಕ್ತ ಗೋರಾ ನಾಮಸ್ಮರಣೆಯಲ್ಲಿ ಮೈಮರೆತು ಮಣ್ಣು ತುಳಿಯುವಾಗ, ಅಂಬೆಗಾಲಿಟ್ಟು ಬಂದ ತನ್ನ ಕಂದನನ್ನೇ ತುಳಿದುಬಿಡುತ್ತಾನೆ. ಚಿತ್ರಮಂದಿರದಲ್ಲಿ ನನ್ನ ತಾಯಿ ಬಿಕ್ಕಿ ಬಿಕ್ಕಿ ಅತ್ತಿದ್ದರು. ಕೊನೆಗೆ ವಿಠಲ ಮಗುವನ್ನು ಮರಳಿಸುತ್ತಾನೆ, ಎಲ್ಲರೂ ಕಣ್ಣೊರೆಸಿಕೊಂಡು ಹೊರಬರುತ್ತಾರೆ. ಭಕ್ತನ ತನ್ಮಯತೆ ಎಷ್ಟು ಆಳವಾದುದೆಂದು ತೋರಿಸಲು ಸಂತಚರಿತ್ರಕಾರರು ಈ ಕಥೆಯನ್ನು ಕಟ್ಟಿದರು, ನಿಜ. ಆದರೆ ಮಣ್ಣು ತುಳಿಯುವ ಕಾಲಿಗೆ ಕಣ್ಣು ಬೇಕೆಂದು ಯಾವ ಕುಂಬಾರನನ್ನು ಕೇಳಿದರೂ ಹೇಳಿಯಾನು. ಮಣ್ಣಿನಲ್ಲಿ ಸಣ್ಣ ಕಲ್ಲು ಉಳಿದರೂ ಮಡಕೆ ಒಡೆಯುತ್ತದೆ. ಮೈಮರೆತವನಿಗೆ ಆನಂದ, ಅದರ ದಂಡ ತೆರುವವರು ಬೇರೆ. ಕಥೆಯಲ್ಲಾದರೆ ದೇವರು ನಷ್ಟ ತುಂಬಿಕೊಡುತ್ತಾನೆ.

ಭಕ್ತಿಗೂ ಎಚ್ಚರಕ್ಕೂ ವೈರವಿದೆಯೆಂದು ಎಲ್ಲ ಸಂತರೂ ನಂಬಿದ್ದರೆಂದಲ್ಲ. ಹಣವನ್ನು ಮುಟ್ಟಲೂ ಒಲ್ಲದಿದ್ದ, ನಾಣ್ಯವನ್ನೂ ಮಣ್ಣನ್ನೂ ಒಂದೇ ಎಂದು ಬಗೆದ ರಾಮಕೃಷ್ಣರೇ, ಶಿಷ್ಯ ಯೋಗಿನ್ ಪೇಟೆಯಿಂದ ಬಿರುಕು ಬಿಟ್ಟ ಬಾಣಲೆಯನ್ನು ತಂದಾಗ ಚೆನ್ನಾಗಿ ಗದರಿಸಿದರು. ಅಂಗಡಿಯವನು ಧರ್ಮಭೀರುವೆಂದು ನಂಬಿ ನೋಡದೆಯೇ ತಂದೆನೆಂಬುದು ಶಿಷ್ಯನ ಸಮಜಾಯಿಷಿ. ದೈವಭಕ್ತಿಗೂ ಪೆದ್ದುತನಕ್ಕೂ ಸಂಬಂಧವಿಲ್ಲ, ನಾಲ್ಕು ಅಂಗಡಿ ತಿರುಗಿ ದರ ವಿಚಾರಿಸಬೇಕು, ವಸ್ತುವನ್ನು ಪರೀಕ್ಷಿಸಿ ಕೊಳ್ಳಬೇಕು, ಕೊಸರು ಕೊಡುವ ಪದ್ಧತಿ ಇದ್ದಲ್ಲಿ ಅದನ್ನೂ ಬಿಡಬಾರದು ಎಂಬುದು ಗುರುಗಳ ಬೋಧೆಯ ಸಾರ. ಸಮಾಧಿಸ್ಥಿತಿಯಲ್ಲಿ ಮೈಮೇಲಿನ ಬಟ್ಟೆಯ ಪರಿವೆಯೂ ಇರದಿದ್ದ ಪುರುಷನ ಬಾಯಿಂದ ಬಂದ ಮಾತಿದು. ಸರ್ಕಾರದ ಖರೀದಿ ನಿಯಮಗಳ ಮೂಲತತ್ತ್ವವೂ ಇದಕ್ಕಿಂತ ಭಿನ್ನವೇನಲ್ಲ!

ನನ್ನ ವೃತ್ತಿಗೆ ಹೆಚ್ಚು ಹತ್ತಿರವಾದ ಕಥೆಗಳು ಬೇರೆ ಇವೆ. ದಕ್ಷಿಣದ ಭಕ್ತಿಪರಂಪರೆಯಲ್ಲಿ ರಾಜನ ಹಣಕ್ಕೆ ಹೊಣೆಯಾಗಿದ್ದ ಸಂತರು ಎಷ್ಟು ಮಂದಿ ಎಂಬುದನ್ನು ಯಾರಾದರೂ ಗಮನಿಸಿದ್ದಾರೆಯೋ ಇಲ್ಲವೋ. ತಮಿಳುನಾಡಿನ ಮಾಣಿಕ್ಯವಾಚಕರು ಪಾಂಡ್ಯರಾಜನ ಮಂತ್ರಿ. ಕುದುರೆ ಕೊಳ್ಳಲೆಂದು ಕೊಟ್ಟ ಬೊಕ್ಕಸದ ಹಣವನ್ನು ತಿರುಪ್ಪೆರುಂದುರೈಯಲ್ಲಿ ಶಿವಾಲಯಕ್ಕೆ ಖರ್ಚು ಮಾಡಿಬಿಟ್ಟರು. ರಾಜ ಕುದುರೆ ಕೇಳಿದಾಗ ಶಿವನೇ ನರಿಗಳನ್ನು ಕುದುರೆಗಳನ್ನಾಗಿಸಿ ಒಪ್ಪಿಸಿದನಂತೆ. ರಾತ್ರಿ ಅವು ಮತ್ತೆ ನರಿಗಳಾಗಿ ಊಳಿಟ್ಟವಂತೆ. ಹಗಲಿನ ತಪಾಸಣೆಯಲ್ಲಿ ಕುದುರೆ, ರಾತ್ರಿ ನರಿ. ದಾಸ್ತಾನು ಪರಿಶೀಲನೆ ಮಾಡಿದ ಯಾವ ಲೆಕ್ಕಪರಿಶೋಧಕನಿಗೂ ಈ ಅನುಭವ ಹೊಸದಲ್ಲ.

ಭದ್ರಾಚಲ ರಾಮದಾಸರೆಂದು ಪ್ರಸಿದ್ಧರಾದ ಕಂಚರ್ಲ ಗೋಪನ್ನ 17ನೆಯ ಶತಮಾನದಲ್ಲಿ, ಗೋಲ್ಕೊಂಡದ ಅಬುಲ್ ಹಸನ್ ತಾನಾಶಾಹನ ಕಾಲದಲ್ಲಿ, ಪಾಲ್ವಂಚದ ತಹಶೀಲ್ದಾರ. ಕಂದಾಯದ ಹಣದಿಂದ ರಾಮನಿಗೆ ಗುಡಿ ಕಟ್ಟಿಸಿ ಗೋಲ್ಕೊಂಡದ ಸೆರೆ ಸೇರಿದರು. ಸೆರೆಯಲ್ಲಿದ್ದು ಅವರು ರಾಮನನ್ನು ದೂರುವ ಕೀರ್ತನೆಯೊಂದರಲ್ಲಿ, ಸೀತೆಗೆ ಮಾಡಿಸಿದ ಒಡವೆ ಯಾವುದು, ಲಕ್ಷ್ಮಣನಿಗೆ ಯಾವುದು, ಯಾವುದಕ್ಕೆ ಎಷ್ಟು ಹಣವಾಯಿತು ಎಂದು ಪಟ್ಟಿ ಮಾಡುತ್ತಾರೆ. ಭಕ್ತನೊಳಗಿನ ತಹಶೀಲ್ದಾರ ಸತ್ತಿರಲಿಲ್ಲವೆಂಬುದಕ್ಕೆ ಈ ವೆಚ್ಚದ ತಃಖ್ತೆಯೇ ಸಾಕ್ಷಿ. ಕೊನೆಗೆ ರಾಮಲಕ್ಷ್ಮಣರು ರಾಮೋಜಿ, ಲಕ್ಷ್ಮೋಜಿಗಳಾಗಿ ನಡುರಾತ್ರಿ ತಾನಾಶಾಹನ ಬಳಿಗೆ ಬಂದು ಪೂರ್ತಿ ಬಾಕಿ ತೀರಿಸಿ ರಸೀದಿ ಪಡೆದುಕೊಂಡರೆಂಬುದು ಐತಿಹ್ಯ. ದೇವರು ರಸೀದಿ ಕೇಳಿ ಪಡೆದ ಎಂಬ ಈ ವಿವರ ನನಗೆ ಬಹಳ ಪ್ರಿಯವಾದುದು. ಜನಪದದ ಕಲ್ಪನೆಗೂ ಗೊತ್ತಿತ್ತು, ಪವಾಡ ನಡೆದರಷ್ಟೇ ಸಾಲದು, ಅದು ದಫ್ತರಿಗೆ ಏರಬೇಕು.

ಆದರೂ ಇವರಿಬ್ಬರ ವಿಷಯದಲ್ಲಿ ನನ್ನ ತೀರ್ಪು ಕಠಿಣವೇ. ಕುದುರೆಗಾಗಿ ಕೊಟ್ಟ ಹಣವೂ ರೈತನಿಂದ ಬಂದ ಕಂದಾಯವೂ ಅವರ ಸ್ವಂತದ್ದಲ್ಲ. ಸ್ವಂತದ್ದಲ್ಲದ ಹಣದಿಂದ ಮಾಡಿದ ದಾನದ ಪುಣ್ಯ ಯಾರಿಗೆ ಸೇರಬೇಕು? ಅವರ ಹಾಡುಗಳ ಮುಂದೆ ನಾನು ತಲೆಬಾಗುತ್ತೇನೆ. ಅವರ ಲೆಕ್ಕಕ್ಕೆ ಸಹಿ ಹಾಕಲಾರೆ.

ಮೂರನೆಯವರಾದ ದಾಮಾಜಿಪಂತರ ಮುಂದೆ ಈ ಕಾಠಿಣ್ಯ ಉಳಿಯುವುದಿಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಮಂಗಳವೇಢೆಯ ಅಧಿಕಾರಿಯಾಗಿದ್ದ ಅವರು ಬರಗಾಲದಲ್ಲಿ ಸರ್ಕಾರದ ಧಾನ್ಯದ ಕಣಜಗಳನ್ನು ಹಸಿದವರಿಗೆ ತೆರೆದುಬಿಟ್ಟರು. ಬೀದರಿನಿಂದ ಬಂಧನದ ಆಜ್ಞೆ ಹೊರಟಿತು. ಅಷ್ಟರಲ್ಲಿ ವಿಠಲನು ಮಹಾರನ ವೇಷದಲ್ಲಿ ದರಬಾರಿಗೆ ಹೋಗಿ ಧಾನ್ಯದ ಬೆಲೆ ಸಲ್ಲಿಸಿದನೆಂದು ಕಥೆ. ಇಲ್ಲಿಯೂ ರಸೀದಿ ಬರುತ್ತದೆ. ನಾನು ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆ? ಬಹುಶಃ ಬೀದರಿಗೆ ಪತ್ರ ಬರೆದು, ಉತ್ತರ ಬರುವವರೆಗೆ ಕಣಜಕ್ಕೆ ಕಾವಲು ಹಾಕಿಸುತ್ತಿದ್ದೆ. ಹಾಗೆ ಕಾವಲು ಕಾಯ್ದ ಸರ್ಕಾರಗಳ ಫಲವನ್ನು ನಮ್ಮ ನಾಡು ಉಂಡಿದೆ. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ನಡುವೆ ಬಂದುಹೋದದ್ದು 1876–78ರ ಮಹಾಕ್ಷಾಮ.

ಆ ದುರಂತದ ಬಳಿಕ ನೇಮಕವಾದ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಅದರಿಂದ ಕ್ಷಾಮಸಂಹಿತೆಗಳು ಹುಟ್ಟಿದವು. ಬರದ ಲಕ್ಷಣಗಳೇನು, ಯಾವಾಗ ಪರಿಹಾರ ಕಾಮಗಾರಿ ತೆರೆಯಬೇಕು, ಕೂಲಿ ಎಷ್ಟು, ದುಡಿಯಲಾರದವರಿಗೆ ಏನು ಎಂಬುದನ್ನೆಲ್ಲ ಬರೆದಿಟ್ಟರು. ಪರಕೀಯ ಸರ್ಕಾರದ ಜಿಪುಣತನ ಅದರ ಪುಟಪುಟದಲ್ಲಿಯೂ ಇತ್ತು, ಒಪ್ಪುತ್ತೇನೆ. ಆದರೆ ಜಿಲ್ಲೆಯ ಅಧಿಕಾರಿ ಇನ್ನು ದಾಮಾಜಿಯಂತೆ ತಲೆಯೊಡ್ಡಬೇಕಿರಲಿಲ್ಲ, ವಿಠಲನೂ ವೇಷ ಹಾಕಬೇಕಿರಲಿಲ್ಲ. 1972ರ ಭೀಕರ ಬರದಲ್ಲಿ ಮಹಾರಾಷ್ಟ್ರ ಸರ್ಕಾರ ಲಕ್ಷಾಂತರ ಜನರಿಗೆ ಕಾಮಗಾರಿಗಳಲ್ಲಿ ಕೂಲಿ ಕೊಟ್ಟು ಉಳಿಸಿತು. ಆ ಅನುಭವವೇ ಮುಂದೆ ಆ ರಾಜ್ಯದ ಉದ್ಯೋಗ ಖಾತರಿ ಕಾನೂನಾಯಿತು, ಅದರ ನೆರಳು 2005ರ ಕೇಂದ್ರ ಕಾಯ್ದೆಯ ಮೇಲೂ ಬಿತ್ತು. ಮಂಗಳವೇಢೆ ಇರುವುದು ಅದೇ ಮಹಾರಾಷ್ಟ್ರದ ಬರಪೀಡಿತ ಸೊಲ್ಲಾಪುರ ಜಿಲ್ಲೆಯಲ್ಲಿ. ಕಣಜ ತೆರೆಯಲು ದಾಮಾಜಿಗೆ ಬೇಕಾದದ್ದು ಕರುಳು. ಹಾಜರಿ ಪಟ್ಟಿ, ಅಳತೆ ಪುಸ್ತಕ, ವಾರಕ್ಕೊಮ್ಮೆ ತಪ್ಪದೆ ಬಟವಾಡೆ, ಇವನ್ನೆಲ್ಲ ಸಾವಿರ ಹಳ್ಳಿಗಳಲ್ಲಿ ನಡೆಸಲು ಕರುಳಿನ ಜೊತೆಗೆ ಕಸುಬು ಬೇಕು. ನಮ್ಮ ಭಕ್ತಿಸಾಹಿತ್ಯ ಮೊದಲನೆಯದನ್ನು ಹಾಡಿತು. ಎರಡನೆಯದರ ಮೇಲೆ ಯಾರೂ ಹಾಡು ಕಟ್ಟಲಿಲ್ಲ. ಅಳತೆ ಪುಸ್ತಕದ ಮೇಲೆ ಹಾಡು ಕಟ್ಟುವುದೂ ಕಷ್ಟವೇ ಅನ್ನಿ.

ಈ ಮಂಗಳವೇಢೆಯೇ ಕಳಚುರಿ ಬಿಜ್ಜಳನ ಮಂಗಳವಾಡ. ಅಲ್ಲಿಂದ ಕಲ್ಯಾಣದವರೆಗೆ ಬಿಜ್ಜಳನ ಭಂಡಾರದ ಹೊಣೆ ಹೊತ್ತವರು ಬಸವಣ್ಣನವರು. ಕರಣಿಕರ ಲೆಕ್ಕದಲ್ಲಿದ್ದ ತಪ್ಪನ್ನು ತೋರಿಸಿಕೊಟ್ಟು ಅವರು ಕೆಲಸಕ್ಕೆ ಸೇರಿದರೆಂದು ಪರಂಪರೆಯ ಕಥೆ ಹೇಳುತ್ತದೆ. ರಾಜನ ಹಣವನ್ನು ಜಂಗಮರಿಗೆ ಸೂರೆ ಮಾಡುತ್ತಿದ್ದಾರೆಂಬ ದೂರು ಅವರ ಮೇಲೂ ಬಂತು. ಭಂಡಾರವನ್ನು ತೆರೆದು ಎಣಿಸಿದಾಗ ಕಾಸೂ ಕಡಿಮೆಯಿರಲಿಲ್ಲ. ಪುರಾಣಕಾರರಿಗೆ ಇದು ಪವಾಡ. ನನ್ನಂಥವನಿಗೆ ಇದರ ಅರ್ಥ ಇನ್ನೂ ಸರಳ: ಲೆಕ್ಕ ಸರಿಯಿತ್ತು. ದಾಸೋಹ ನಡೆದದ್ದು ತಮ್ಮ ಕಾಯಕದ ಗಳಿಕೆಯಿಂದ, ಭಂಡಾರ ಭಂಡಾರವಾಗಿಯೇ ಉಳಿದಿತ್ತು. ನಾಲ್ವರು ಸಂತ ಅಧಿಕಾರಿಗಳ ಪೈಕಿ ದೇವರಿಗೆ ಕೊರತೆ ತುಂಬಿಕೊಡುವ ಶ್ರಮ ಕೊಡದವರು ಬಹುಶಃ ಇವರೊಬ್ಬರೇ.

ಕಲ್ಯಾಣದಲ್ಲಿ ನಮ್ಮ ಅಂಬಿಗನಿಗೂ ಹೆಸರು ಸಿಕ್ಕಿತು. ಶರಣರು ತಮ್ಮ ವಚನಗಳಿಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿಸುವುದು ವಾಡಿಕೆ. ಅಂಬಿಗರ ಚೌಡಯ್ಯ ತನ್ನ ಕಸುಬು ಸಮೇತ ತನ್ನ ಹೆಸರನ್ನೇ ಅಂಕಿತವಾಗಿಟ್ಟುಕೊಂಡ. ಹಗ್ಗ ಹೊಸೆದ ಚಂದಯ್ಯ, ಮಡಿ ಮಾಡಿದ ಮಾಚಯ್ಯ, ಅಕ್ಕಿ ಆಯ್ದ ಮಾರಯ್ಯ, ಇವರಾರೂ ಅನುಭಾವಕ್ಕೆ ಬರುವ ಮುನ್ನ ಕಸುಬನ್ನು ಹೊರಗೆ ಬಿಟ್ಟು ಬರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಕಾಯಕವೆಂದರೆ ನಮ್ಮವರದೇ ಪ್ರೊಟೆಸ್ಟಂಟ್ ನೀತಿ ಎಂದು ಮ್ಯಾಕ್ಸ್ ವೆಬರನನ್ನು ನೆನೆದು ಭಾಷಣ ಮಾಡುವುದು ನಾವು ಓದುವ ಕಾಲದಿಂದಲೂ ಇದೆ. ವೆಬರನ ಪ್ಯೂರಿಟನ್ ದುಡಿದು, ಖರ್ಚು ಮಾಡದೆ, ಕೂಡಿಟ್ಟು ಬಂಡವಾಳ ಬೆಳೆಸಿದ. ಆಯ್ದಕ್ಕಿ ಲಕ್ಕಮ್ಮನಾದರೋ, ಗಂಡ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕಟ್ಟಿದಳು. ಉಳಿತಾಯವೇ ಇಲ್ಲದ ಈ ಅರ್ಥವ್ಯವಸ್ಥೆಯಿಂದ ಕಾರ್ಖಾನೆ ಹುಟ್ಟುವುದಿಲ್ಲ. ಹಾಗೆಂದು ನಮ್ಮ ಬಡತನಕ್ಕೆ ವೈರಾಗ್ಯವೇ ಕಾರಣವೆಂಬ ವಾದವನ್ನೂ ನಾನು ಒಪ್ಪುವುದಿಲ್ಲ. ಶೇ 3.5ರ ಆಸುಪಾಸಿನಲ್ಲಿ ತೆವಳುತ್ತಿದ್ದ ಬೆಳವಣಿಗೆಗೆ ಪ್ರೊ. ರಾಜಕೃಷ್ಣ 'ಹಿಂದೂ ಬೆಳವಣಿಗೆ ದರ' ಎಂದು ಹೆಸರಿಟ್ಟಿದ್ದರು. ಮುಂದೆ ದರ ಅದರ ದುಪ್ಪಟ್ಟಾಯಿತು. ದೇವರುಗಳು ಬದಲಾಗಿರಲಿಲ್ಲ, ನೀತಿಗಳು ಬದಲಾಗಿದ್ದವು.

ಇಷ್ಟು ಹೇಳಿದ ಮಾತ್ರಕ್ಕೆ ಕುಶಲತೆಯೊಂದಿದ್ದರೆ ಸಾಕೆಂದು ನಾನು ವಾದಿಸುತ್ತಿಲ್ಲ. ಖಜಾನೆಯಲ್ಲಿ ನಾನು ಕಂಡ ಅತ್ಯಂತ ಕುಶಲ ನೌಕರರಲ್ಲಿ ಇಬ್ಬರು ಕಡೆಗೆ ವಂಚನೆಯ ಪ್ರಕರಣಗಳಲ್ಲಿ ಅಮಾನತಾದರು. ನಿಯಮಗಳನ್ನು ಅವರಷ್ಟು ಬಲ್ಲವರು ಇರಲಿಲ್ಲ, ಆದ್ದರಿಂದಲೇ ಯಾವ ಸಂದಿಯಲ್ಲಿ ಕೈ ತೂರುತ್ತದೆಂಬುದೂ ಗೊತ್ತಿತ್ತು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದ ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ಅಧಿಕಾರಿಗಳು ರಾಜನ ಹಣ ನುಂಗುವ 40 ಬಗೆಗಳ ಪಟ್ಟಿಯಿದೆ. ಅಷ್ಟು ಬಗೆಗಳನ್ನು ಕಂಡುಹಿಡಿಯಲು ಸಾಮಾನ್ಯ ಕೌಶಲ ಸಾಲದು! ಶಂಕರರು ಕೌಶಲವೆಂಬ ಮಾತಿಗೆ ಸಮತ್ವಬುದ್ಧಿಯ ಲಂಗರು ಕಟ್ಟಿದ್ದರ ಬೆಲೆ ನನಗೆ ಅರಿವಾದದ್ದು ಈ ಪ್ರಕರಣಗಳ ವಿಚಾರಣಾ ವರದಿ ಓದುವಾಗ.

ಇತ್ತೀಚೆಗೆ ನೌಕರರ ತರಬೇತಿಗಳಲ್ಲಿ ಧ್ಯಾನ, ಒತ್ತಡ ನಿರ್ವಹಣೆ, ಗೀತೆಯ ಮೂಲಕ ನಾಯಕತ್ವ ಎಂಬಂಥ ಅವಧಿಗಳು ಹೆಚ್ಚುತ್ತಿವೆ. ನನ್ನನ್ನೂ ಒಮ್ಮೆ ಉಪನ್ಯಾಸಕ್ಕೆ ಕರೆದಿದ್ದರು. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಕಣ್ಮುಚ್ಚಿ ಶ್ರದ್ಧೆಯಿಂದ ಕುಳಿತಿದ್ದರು. ಬಿಡುವಿನಲ್ಲಿ ಕುಟುಂಬ ಪಿಂಚಣಿಯ ಒಂದು ಸಣ್ಣ ತೊಡಕನ್ನು ಅವರ ಮುಂದಿಟ್ಟೆ. ಹೆಸರಿನ ಕೊನೆಯಲ್ಲಿ ಅಮ್ಮ, ಅವ್ವ. ನಲವತ್ತು ಮಂದಿಯಲ್ಲಿ ಇಬ್ಬರು ಸರಿಯುತ್ತರ ಕೊಟ್ಟರು. ಮನಸ್ಸಿನ ಶಾಂತಿ ಬೇಡವೆಂದು ನಾನು ಹೇಳಲಿಲ್ಲ. ಉಪನ್ಯಾಸದ ಅವಧಿಯ ಅರ್ಧವನ್ನು ಪಿಂಚಣಿ ನಿಯಮಗಳಿಗೆ ಬಿಟ್ಟುಕೊಟ್ಟೆ. ಆಯೋಜಕರಿಗೆ ಅದು ರುಚಿಸಿದಂತೆ ಕಾಣಲಿಲ್ಲ, ಮುಂದಿನ ಬ್ಯಾಚಿಗೆ ಕರೆ ಬರಲಿಲ್ಲ.

ಆ ಹಿರಿಯ ಗುಮಾಸ್ತರ ವಿಷಯ ಹೇಳಿದ್ದೆನಲ್ಲ. ಭದ್ರತಾ ಕೊಠಡಿಯ ಎರಡು ಬೀಗಗಳಲ್ಲಿ ಒಂದರ ಕೀಲಿ ನನ್ನ ಬಳಿ, ಇನ್ನೊಂದು ಅವರ ಬಳಿ. ಪ್ರತಿದಿನ ಬೀಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ತೆರೆಯುತ್ತಿದ್ದರು. ಒಳಗೆ ಹೋದ ಮೇಲೆ ಛಾಪಾಕಾಗದಗಳನ್ನು ಮೂರು ಬಾರಿ ಎಣಿಸದೆ ಹೊರಬರುತ್ತಿರಲಿಲ್ಲ. ಅವರು ಪುರಾಣ ಶ್ರವಣಕ್ಕೆ ಹೋದದ್ದನ್ನಾಗಲಿ, ತತ್ತ್ವದ ಮಾತಾಡಿದ್ದನ್ನಾಗಲಿ ನಾನು ಕಾಣೆ. ಆಯುಧಪೂಜೆಯ ದಿನ, ಅಲ್ಲಿಯವರ ಮಾತಿನಲ್ಲಿ ಖಂಡೇನವಮಿಯಂದು, ಕಚೇರಿಯ ಲೆಕ್ಕದ ಪುಸ್ತಕಗಳನ್ನೆಲ್ಲ ಸಾಲಾಗಿ ಜೋಡಿಸಿ ಪೂಜೆ ಮಾಡುವುದು ಅವರದೇ ಹೊಣೆ. ಹಿಂದಿನ ವರ್ಷಗಳ ಮುಗಿದ ಪುಸ್ತಕಗಳಿಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದರು. ನಡೆಯುತ್ತಿರುವ ವರ್ಷದ ಪುಸ್ತಕದ ಮೇಲೆ ಬರೀ ಒಂದು ಹೂ ಇಡುತ್ತಿದ್ದರು. ಮೊದಲ ವರ್ಷ ನಾನು ಕುಂಕುಮದ ಬಟ್ಟಲನ್ನು ಅದರ ಕಡೆಗೂ ಸರಿಸಿದಾಗ ಕೈ ಅಡ್ಡ ಹಿಡಿದರು. "ಬ್ಯಾಡ್ರಿ ಸಾಹೇಬ್ರ, ಅಂಕಿ ಕೆಡ್ತಾವ."